ಓಕ್ ಬ್ರೂಕ್‌ನ ದರ

ತಾನು ಕೆಲಸ ಮಾಡುವ ಕಂಪನಿ ಮಾರಾಟವಾದ ಸುದ್ದಿ ನೀಲಾಂಬಿಕಾಳಿಗೆ ಗೊತ್ತಾದದ್ದು ಶ್ರೀಲತಾಳ ಫೋನಿನಿಂದ. ಸೋಮವಾರ ಬೆಳಿಗ್ಗೆ ಶಿಕಾಗೋ ಹತ್ತಿರದ ಲೈಲ್‌ನ ಆಫೀಸಿಗೆ ಬಂದು, ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದಳು ಅಷ್ಟೆ.

“ನೀಲಾ, ಇನ್ನೂ ಇಮೇಲ್ ನೋಡಿಲ್ವಾ? ನಿಮ್ಮನ್ನ ನಾವು ತಗೊಂಡ್ವಿ ಕಣೇ! ಅಂದ್ರೆ ಹಾರ್ವಿಕ್‌ನೋರು ಮಿಲ್‌ಗ್ರೋವ್‌ನ ಕೊಂಡ್ಕೊಂಡಿದಾರೆ. ಇನ್ಮೇಲೆ ನಾವಿಬ್ರೂ ಮತ್ತೆ ಒಂದೇ ಆಫೀಸು. ನಂಗೆಷ್ಟು ಖುಷಿ ಆಗ್ತಿದೆ ಗೊತ್ತಾ?”

“ಹೌದ್ರಿ? ಭಾಳ ಛಲೋ ಆತು ಬಿಡ್ರಿ” ಎಂದಳು ನೀಲಾಂಬಿಕಾ. ಫೋನಿಟ್ಟ ಮೇಲೂ ‘ತಗೊಂಡ್ವಿ’ ಎಂಬ ಮಾತು ಅವಳ ಕಿವಿಯಲ್ಲೇ ಕೂತಿತ್ತು. ಸಂತೆಯಲ್ಲಿ ಚೌಕಾಸಿ ಮಾಡಿ ಬದನೆಕಾಯಿ ತಗೊಂಡವರ ಹಾಗೆ ಹೇಳಿದ್ದಳು ಶ್ರೀಲತಾ.

ನೀಲಾಂಬಿಕಾ ಮಿಲ್‌ಗ್ರೋವ್ ಎನರ್ಜಿಯಲ್ಲಿ ದರ ವಿಭಾಗದ ಮುಖ್ಯಸ್ಥೆ. ಹೆದ್ದಾರಿಯಲ್ಲಿ ಕೆಲವೇ ಎಕ್ಸಿಟ್‌ಗಳ ಆಚೆ, ಓಕ್ ಬ್ರೂಕ್‌ನಲ್ಲಿದ್ದ ಹಾರ್ವಿಕ್ ಪವರ್‌ನಲ್ಲಿ ಶ್ರೀಲತಾಳದೂ ಅದೇ ಹುದ್ದೆ. ಇಲಿನಾಯ್‌ನಲ್ಲಿ ಮನೆಗೆ ಬರುವ ಕಂಬ, ತಂತಿ, ಮೀಟರು ಎಲ್ಲವೂ ಹಳೆಯದೊಂದು ಕಂಪನಿಯವೇ. ಆದರೆ ಆ ತಂತಿಯಲ್ಲಿ ಬರುವ ವಿದ್ಯುತ್ತನ್ನು ಯಾರಿಂದ ಕೊಳ್ಳಬೇಕೆಂಬುದು ಮನೆಯವರ ಇಷ್ಟ. ಸಗಟು ಮಾರುಕಟ್ಟೆಯಲ್ಲಿ ವಿದ್ಯುತ್ ಕೊಂಡು ಚಿಲ್ಲರೆಯಾಗಿ ಮಾರುವ ಕಂಪನಿಗಳು ಅಲ್ಲಿ ಸಾಕಷ್ಟಿವೆ. ಒಂದೊಂದು ಸಲ ಇಡೀ ಊರೇ ಒಟ್ಟಾಗಿ, ಯಾರು ಕಡಿಮೆ ದರ ಹೇಳುತ್ತಾರೋ ಅವರ ಜೊತೆ ಎರಡು ಮೂರು ವರ್ಷಕ್ಕೆ ಒಪ್ಪಂದ ಮಾಡಿಕೊಳ್ಳುತ್ತದೆ. ಹೆಚ್ಚು ಹೇಳಿದರೆ ಗಿರಾಕಿ ಎದುರಿನವರ ಪಾಲು. ಕಡಿಮೆ ಹೇಳಿಬಿಟ್ಟರೆ, ಜುಲೈ ತಿಂಗಳಲ್ಲಿ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು ಬಿದ್ದು ಮನೆಮನೆಯ ಏಸಿಯೂ ಒಟ್ಟಿಗೆ ಓಡುವ ದಿನ, ದುಬಾರಿಗೆ ಕೊಂಡು ಅಗ್ಗಕ್ಕೆ ಮಾರುತ್ತಾ ಕೂರಬೇಕು. ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂದು ಹೇಳುವುದೇ ನೀಲಾಂಬಿಕಾಳ ಕೆಲಸ. ಅದನ್ನು ಅವಳು ಚೆನ್ನಾಗಿಯೇ ಮಾಡುತ್ತಿದ್ದಳು.

ಅವರಿಬ್ಬರ ಪರಿಚಯವಾದದ್ದು ಶಾಮ್‌ಬರ್ಗ್‌ನಲ್ಲಿ. ಆಗ ಇಬ್ಬರೂ ವೀಸಾದ ಮೇಲೆ ಬಂದ ಹೊಸಬರು, ಒಂದೇ ಸಲಹಾ ಕಂಪನಿಯಲ್ಲಿ ಅಕ್ಕಪಕ್ಕ ಕೂರುವವರು. ಬಾಗಲಕೋಟೆಯ ನೀಲಾಂಬಿಕಾ ಎಂಜಿನಿಯರಿಂಗಿನಲ್ಲಿ ಕಾಲೇಜಿಗೇ ಮೊದಲಿಗಳು, ಮಾತು ಕಡಿಮೆ. ಮೈಸೂರಿನ ಶ್ರೀಲತಾ ಹೋದಲ್ಲೆಲ್ಲ ನಾಲ್ಕು ಜನರನ್ನು ಸುತ್ತ ಕೂಡಿಸಿಕೊಳ್ಳುವವಳು. ಮೊದಲ ದಿನವೇ ಅವಳು ‘ನೀನು’ ಎಂದು ಶುರುಮಾಡಿದಳು. ನೀಲಾಂಬಿಕಾಳಿಗೆ ಅವಳನ್ನು ‘ನೀವು’ ಎನ್ನುವುದು ವರ್ಷಗಳಾದರೂ ತಪ್ಪಲಿಲ್ಲ.

ಹಾರ್ವಿಕ್‌ನಲ್ಲಿ ದರ ವಿಭಾಗಕ್ಕೆ ಜನ ಹುಡುಕುತ್ತಿದ್ದಾರೆಂದು ಆಗ ಪತ್ತೆ ಮಾಡಿದವಳು ನೀಲಾಂಬಿಕಾಳೇ. ಮಧ್ಯಾಹ್ನದ ಊಟದ ಹೊತ್ತಿಗೆ ರೊಟ್ಟಿ ಮುರಿಯುತ್ತಾ, “ನಾ ಅಪ್ಲೈ ಮಾಡೀನಿ” ಎಂದು ಶ್ರೀಲತಾಳಿಗೆ ಹೇಳಿದಳು. ಮುಂದಿನ ತಿಂಗಳು ಆ ಕೆಲಸ ಶ್ರೀಲತಾಳಿಗಾಯಿತು. ನೀಲಾಂಬಿಕಾ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಂಗ್ರಾಟ್ಸ್ ಹೇಳಿ, ಕೇಕು ತಿಂದು, ಆಮೇಲೆ ಹಾರ್ವಿಕ್‌ಗೆ ಎದುರಾಳಿಯಾದ ಚಿಕ್ಕ ಕಂಪನಿ ಮಿಲ್‌ಗ್ರೋವ್‌ಗೆ ಸೇರಿಕೊಂಡಳು.

ಅಂದಿನಿಂದ ಬೆಳಿಗ್ಗೆ ಎದ್ದು ಚಹಾಕ್ಕೆ ನೀರಿಡುವ ಮೊದಲು ಅವಳು ಹಾರ್ವಿಕ್‌ನ ದರ ನೋಡುತ್ತಿದ್ದಳು. ಅದು ಗುಟ್ಟಿನದೇನಲ್ಲ, ರಾಜ್ಯದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆಯೇ ಇರುತ್ತಿತ್ತು. ಮನೆಯಲ್ಲಿ ಅದಕ್ಕೆ ಹೆಸರೇ ಬಿದ್ದಿತ್ತು, ಓಕ್ ಬ್ರೂಕ್‌ನ ದರ ಎಂದು. ಶ್ರೀಲತಾ ಒಂದಿಷ್ಟು ಇಳಿಸಿದ್ದಳೆಂದರೆ ಅವತ್ತಿನ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗುತ್ತಿತ್ತು. ಇವಳು ಇಳಿಸಿ, ಅವಳು ತಡವಾಗಿ ಹಿಂದೆ ಬಂದಳೆಂದರೆ ಇಡೀ ದಿನ ಮೈ ಹಗುರ. ಹೈಸ್ಕೂಲಿನಲ್ಲಿದ್ದ ಮಗಳು ಸ್ಮಿತಾ ಒಮ್ಮೆ ಸೀರಿಯಲ್ ತಿನ್ನುತ್ತಾ ತಲೆಯೆತ್ತದೆ ಹೇಳಿದ್ದಳು, “ಮಾಮ್, ಯು ಆರ್ ಆಬ್ಸೆಸ್ಡ್ ವಿತ್ ಹರ್.”

“ಕೆಲಸರೀ ಇದು” ಎಂದು ನೀಲಾಂಬಿಕಾ ಗಂಡನ ಕಡೆ ತಿರುಗಿದ್ದಳು. ಚಿದಂಬರ ಆರೋರಾದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮನೆಯಲ್ಲೂ ಯಾರಿಗೂ ನೋವಾಗದ ಹಾಗೆ ಮಾತಾಡುವ ಮನುಷ್ಯ. ಅವತ್ತು ಅವನು ಕಾರಿನ ಕೀಲಿ ಹುಡುಕತೊಡಗಿದ.

ದರದ ಮಾತು ಬಿಟ್ಟರೂ ಶ್ರೀಲತಾಳಲ್ಲಿ ನೋಡಿ ಸಂಕಟಪಡುವಂಥದ್ದು ಬೇಕಾದಷ್ಟಿತ್ತು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಅವಳು ತಂಬೂರಿಯ ಆಪ್ ಹಚ್ಚಿಕೊಂಡು ಹಾಡಿದರೆ ಹಿಂದಿನ ಸಾಲಿನಲ್ಲಿ ಗಲಾಟೆ ಮಾಡುವ ಮಕ್ಕಳೂ ಸುಮ್ಮನಾಗುತ್ತಿದ್ದರು. ಅವಳ ಬಿಸಿಬೇಳೆಬಾತಿನ ಪಾತ್ರೆ ಮೊದಲು ಖಾಲಿ. ನೀಲಾಂಬಿಕಾ ಎರಡು ದಿನ ಕೂತು ಮಾಡಿದ ಶೇಂಗಾ ಹೋಳಿಗೆ ಮನೆಗೆ ವಾಪಸು. ನಲವತ್ತು ದಾಟಿದರೂ ಅವಳ ಜಡೆ ದಪ್ಪ. ಸಂಜೆ ಐದಕ್ಕೆ ಆಫೀಸಿನಿಂದ ಹೊರಡುತ್ತಾಳಂತೆ, ಬುಧವಾರ ಬುಧವಾರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳಂತೆ. ನೀಲಾಂಬಿಕಾ ಊಟದ ಮೇಜಿನ ಮೇಲೂ ಲ್ಯಾಪ್‌ಟಾಪು ತೆರೆದಿಟ್ಟುಕೊಂಡು ಗೆದ್ದಿದ್ದನ್ನು ಅವಳು ಹೇಗೆ ಹಾಡುತ್ತಾ ಗೆಲ್ಲುತ್ತಾಳೆ?

ವಿಲೀನದ ಸುದ್ದಿ ಬಂದ ವಾರವೇ ಶ್ರೀಲತಾ ಊಟಕ್ಕೆ ಕರೆದಳು. ಓಕ್ ಬ್ರೂಕ್‌ನ ಮಾಲ್‌ನಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಹೋಟೆಲು. ತಾನೇ ಮೊದಲು ಬಂದು ಕೂತು ಕೈಬೀಸಿದಳು.

“ನೋಡು ನೀಲಾ, ಒಳಗಿನ ಸುದ್ದಿ ಹೇಳ್ತೀನಿ. ಎರಡೂ ಕಂಪನಿ ಸೇರಿದ್ಮೇಲೆ ದರದ ಟೀಮು ಒಂದೇ ಆಗುತ್ತೆ. ಅದಕ್ಕೆ ನನ್ನನ್ನ ಹೆಡ್ ಮಾಡ್ತಾರಂತೆ. ನಾನು ಆಗ್ಲೇ ಹೇಳ್ಬಿಟ್ಟಿದೀನಿ, ನೀಲಾ ಇಲ್ದೆ ಆಗಲ್ಲ ಅಂತ. ನೀನು ನಂಗೆ ಡೆಪ್ಯುಟಿ. ನಿನ್ನ ಸಂಬಳ ಒಂದು ಚೂರೂ ಕಡ್ಮೆ ಆಗೋಕೆ ಬಿಡಲ್ಲ.”

ನೀಲಾಂಬಿಕಾ ಫೋರ್ಕಿನಿಂದ ಎಲೆಕೋಸಿನ ಚೂರೊಂದನ್ನು ತಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಳ್ಳಿದಳು. “ಭಾಳ ಉಪಕಾರ ಆತ್ರಿ” ಎಂದಳು. ಆಮೇಲೆ ತಡೆಯಲಾಗದೆ, ನಗುತ್ತಲೇ ಸೇರಿಸಿದಳು: “ಈ ಹಾರ್ವಿಕ್ ಕೆಲಸದ ಸುದ್ದಿ ಶಾಮ್‌ಬರ್ಗ್‌ನ್ಯಾಗ ನಾನ ನಿಮಗ ಹೇಳಿದ್ದು, ನೆನಪೈತಿಲ್ರಿ?”

ಶ್ರೀಲತಾ ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದಳು. “ನೀನಾ? ಹೌದಾ? ಯಾರೋ ರಿಕ್ರೂಟರ್ ಫೋನ್ ಮಾಡಿದ್ರು ಅಂತ ಇತ್ತಪ್ಪ ನಂಗೆ. ಇರ್ಬೋದು, ಇರ್ಬೋದು. ಹಾಗಾದ್ರೆ ಇವತ್ತಿನ ಬಿಲ್ಲು ಖಂಡಿತ ನಂದೇ!”

ಸುಳ್ಳು ಹೇಳಿದ್ದರೆ ನೀಲಾಂಬಿಕಾಳಿಗೆ ಎಷ್ಟೋ ಸಮಾಧಾನವಿರುತ್ತಿತ್ತು. ಅವಳ ಮುಖ ನೋಡಿದರೆ ಸುಳ್ಳಿರಲಿಲ್ಲ. ಇಷ್ಟು ವರ್ಷ ತಾನು ಎದೆಯಲ್ಲಿ ಕೆಂಡದ ಹಾಗೆ ಕಾಪಾಡಿಕೊಂಡು ಬಂದದ್ದು ಅವಳ ನೆನಪಿನಲ್ಲಿ ಬೂದಿಯಾಗಿ ಕೂಡ ಉಳಿದಿರಲಿಲ್ಲ.

ಇಷ್ಟು ದೊಡ್ಡ ಎರಡು ಕಂಪನಿಗಳು ಒಂದಾಗಬೇಕಾದರೆ ಸರ್ಕಾರ ಒಪ್ಪಬೇಕು. ಪೈಪೋಟಿ ಸತ್ತು ಗಿರಾಕಿಗೆ ಬೆಲೆ ಏರುವಂತಿದ್ದರೆ ಅವರು ತಡೆಯಬಹುದು. ಬೇಸಿಗೆಯೆಲ್ಲ ಸರ್ಕಾರಿ ವಕೀಲರು ಎರಡೂ ಕಡೆಯವರನ್ನು ಒಬ್ಬೊಬ್ಬರನ್ನಾಗಿ ಕರೆಸಿ, ಪ್ರಮಾಣ ಮಾಡಿಸಿ, ಪ್ರಶ್ನೆ ಕೇಳುತ್ತಿದ್ದರು. ನೀಲಾಂಬಿಕಾಳ ಸರದಿ ಬಂದದ್ದು ಸೆಪ್ಟೆಂಬರಿನಲ್ಲಿ. ಹಿಂದಿನ ದಿನ ಕಂಪನಿಯ ವಕೀಲ ಅವಳನ್ನು ಶಿಕಾಗೋ ಡೌನ್‌ಟೌನಿನ ತನ್ನ ಆಫೀಸಿಗೆ ಕರೆಸಿಕೊಂಡು ತಯಾರು ಮಾಡಿಸಿದ. ಅವನ ಹೆಸರು ಜೈ. ಇಲ್ಲೇ ಹುಟ್ಟಿ ಬೆಳೆದವನು. ಅವಳ ಹೆಸರನ್ನು ಪ್ರತಿ ಸಲವೂ ಬೇರೆ ಬೇರೆ ಕಡೆ ಮುರಿದು ಹೇಳುತ್ತಿದ್ದ. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು.

“ಸುಳ್ಳು ಹೇಳಬೇಡಿ” ಎಂದ ಜೈ. “ಆದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡಿ. ಮಾರುಕಟ್ಟೆಯಲ್ಲಿ ತುಂಬಾ ಕಂಪನಿಗಳಿವೆ, ನೀವು ಎಲ್ಲರ ದರವನ್ನೂ ನೋಡುತ್ತೀರಿ. ಇದು ನಿಜ ತಾನೇ?”

“ನಿಜ.”

“ಅಷ್ಟೇ ಸಾಕು. ಹಾರ್ವಿಕ್ ಕಡೆಯ ದರ ಮುಖ್ಯಸ್ಥೆ ಕಳೆದ ವಾರ ಬಹಳ ಚೆನ್ನಾಗಿ ಉತ್ತರ ಕೊಟ್ಟರು. ಮಿಲ್‌ಗ್ರೋವ್‌ನತ್ತ ತಾವು ಯಾವತ್ತೂ ಗಮನವೇ ಕೊಟ್ಟಿಲ್ಲ, ನಿಮ್ಮ ದರ ಎಷ್ಟೆಂದು ಕೇಳಿದರೆ ಹೇಳಲೂ ಬರುವುದಿಲ್ಲ ಅಂದರು. ನೀವೂ ಅದೇ ಧಾಟಿಯಲ್ಲಿ ಹೇಳಿದರೆ ಕೆಲಸ ಮುಗಿದ ಹಾಗೆ.”

“ಏನಂದರು ಅವರು? ಇನ್ನೊಮ್ಮೆ ಹೇಳಿ” ಎಂದಳು ನೀಲಾಂಬಿಕಾ.

ಜೈ ಇನ್ನೊಮ್ಮೆ ಹೇಳಿದ. ಅವನಿಗೆ ಅದು ಒಳ್ಳೆಯ ಸುದ್ದಿ.

ರೈಲಿನಲ್ಲಿ ಮನೆಗೆ ಬರುವಾಗ ಅವಳಿಗೆ ಸ್ಟೇಷನ್ನುಗಳು ಹೋದದ್ದೇ ಗೊತ್ತಾಗಲಿಲ್ಲ. ಎಷ್ಟು ಮುಂಜಾವು! ಎಷ್ಟು ಸಲ ಇವಳು ಇಳಿಸಿದ ಮೇಲೆ ಅವಳು ಇಳಿಸಿಲ್ಲ? ಕಣ್ಣು ಮುಚ್ಚಿಕೊಂಡೇ ಇಳಿಸಿದಳೇನು? ಗೆದ್ದವಳು ಗೆದ್ದೆ ಎನ್ನಲಿ, ಸೋತವಳು ಸೋತೆ ಎನ್ನಲಿ. ಆಟದಲ್ಲಿ ಇವಳಿರಲೇ ಇಲ್ಲ ಎಂದರೆ?

ಅವಳ ಮುಖ ನೋಡಿ ಚಿದಂಬರನೇ ಅನ್ನ ಬಡಿಸಿದ. “ಏನಾತ ಹೇಳ” ಎಂದ.

ಹೇಳಿದಳು.

“ಅಕಿ ಹಂಗ ಅಂದಿದ್ದು ವಕೀಲರು ಹೇಳಿಕೊಟ್ಟಿದ್ದಕ್ಕ ಇರಬೇಕ. ನೀ ಯಾಕ ತಲಿ ಕೆಡಿಸ್ಕೊಂತಿ? ಎರಡು ಮಾತ ಹೇಳಿ ಎದ್ದು ಬಾ.”

“ಅಕಿ ನನ್ನ ನೋಡ್ತಿದ್ದಿಲ್ಲಂತ್ರೀ.”

“ನೋಡದಿದ್ರ ನಿಂದೇನ್ ಹೋತು?”

ನೀಲಾಂಬಿಕಾ ಎದ್ದು ತಟ್ಟೆ ತೊಳೆಯತೊಡಗಿದಳು.

ಮರುದಿನದ ಕೋಣೆಯಲ್ಲಿ ಉದ್ದನೆಯ ಮೇಜು, ಒಂದು ಕಡೆ ಇವಳು ಮತ್ತು ಜೈ, ಎದುರಿಗೆ ಓದುವ ಕನ್ನಡಕ ಹಾಕಿದ ನಡುವಯಸ್ಸಿನ ಸರ್ಕಾರಿ ವಕೀಲೆ, ಆಡಿದ್ದೆಲ್ಲವನ್ನೂ ಟೈಪು ಮಾಡಿಕೊಳ್ಳುವ ಒಬ್ಬಾತ. ಬಲಗೈ ಎತ್ತಿ ಪ್ರಮಾಣ ಮಾಡಿದಳು. ಮೊದಲೊಂದು ತಾಸು ಎಲ್ಲ ಸರಿಯಾಗಿಯೇ ನಡೆಯಿತು. ಮಾರುಕಟ್ಟೆಯಲ್ಲಿ ತುಂಬಾ ಕಂಪನಿಗಳಿವೆ, ಹೌದು. ಎಲ್ಲರ ದರವನ್ನೂ ನೋಡುತ್ತೀರಿ, ಹೌದು. ಜೈ ತನ್ನ ನೀರಿನ ಲೋಟವನ್ನು ನಿರಾಳವಾಗಿ ಎತ್ತಿಕೊಂಡ.

“ಹಾರ್ವಿಕ್ ಪವರ್ ಮಿಲ್‌ಗ್ರೋವ್‌ಗೆ ಪ್ರತಿಸ್ಪರ್ಧಿಯೇ ಅಲ್ಲ ಎಂದು ನಮಗೆ ಹೇಳಲಾಗಿದೆ” ಎಂದಳು ವಕೀಲೆ, ಮುಂದಿನ ಹಾಳೆ ತಿರುವುತ್ತಾ. “ಮಿಲ್‌ಗ್ರೋವ್ ಏನು ಮಾಡುತ್ತದೆಂದು ಹಾರ್ವಿಕ್‌ನವರು ನೋಡುವುದಿಲ್ಲವಂತೆ. ಅವರ ದರಕ್ಕೂ ನಿಮ್ಮ ದರಕ್ಕೂ ಸಂಬಂಧವಿಲ್ಲ ಅನ್ನಬಹುದೇ?”

“ಅನ್ನಲಾಗದು” ಎಂದಳು ನೀಲಾಂಬಿಕಾ.

ಜೈಯ ಲೋಟ ಅರ್ಧದಲ್ಲೇ ನಿಂತಿತು.

“ಯಾಕೆ?”

“ಯಾಕೆಂದರೆ ಅವರ ದರವನ್ನು ಕೆಳಗೆ ಎಳೆದವಳು ನಾನು.”

ಆಮೇಲೆ ಅವಳನ್ನು ನಿಲ್ಲಿಸುವವರೇ ಇರಲಿಲ್ಲ. ಡುಪೇಜ್ ಕೌಂಟಿಯ ಊರೊಂದರ ಒಪ್ಪಂದಕ್ಕೆ ಹಾರ್ವಿಕ್ ಮೊದಲು ಎಷ್ಟು ಹೇಳಿತ್ತು, ಮಿಲ್‌ಗ್ರೋವ್ ಕಣಕ್ಕಿಳಿದ ಮೇಲೆ ಎಷ್ಟಕ್ಕೆ ಬಂತು. ಶಾಲೆಗಳ ಒಪ್ಪಂದವನ್ನು ತಾನು ಹೇಗೆ ಕಿತ್ತುಕೊಂಡಿದ್ದಳು. ಅದರ ಮುಂದಿನ ವರ್ಷ ಅವರು ಅದನ್ನು ಹೇಗೆ ವಾಪಸು ಪಡೆದರು. ತಾನು ಇಳಿಸಿದಾಗಲೆಲ್ಲ ಅವರು ಹೇಗೆ ಹಿಂದೆ ಹಿಂದೆ ಬಂದರು. ಒಂದು ಕಾಗದವನ್ನೂ ನೋಡದೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಬೆನ್ನು ನೆಟ್ಟಗಾಯಿತು, ಕೆನ್ನೆ ಕೆಂಪೇರಿತು. ಇದೆಲ್ಲ ಯಾರಾದರೂ ಕೇಳಲಿ ಎಂದು ಅವಳು ಎಷ್ಟೋ ವರ್ಷದಿಂದ ಕಾದಿದ್ದಳು. ಕೇಳುವವರು ಕೊನೆಗೆ ಸಿಕ್ಕಿದ್ದರು. ಟೈಪು ಮಾಡಿಕೊಳ್ಳಲು ಒಬ್ಬ ಮನುಷ್ಯನನ್ನೂ ಜೊತೆಗೆ ಕರೆತಂದಿದ್ದರು.

“ಕೊನೆಯ ಪ್ರಶ್ನೆ” ಎಂದಳು ವಕೀಲೆ. “ಎರಡೂ ಕಂಪನಿಗಳು ಒಂದಾದರೆ ಮನೆಗಳ ದರ ಏನಾಗುತ್ತದೆ?”

“ಏರುತ್ತದೆ. ಆಗ ನಾನು ಯಾರನ್ನು ನೋಡಿ ಇಳಿಸಲಿ?”

ಲಿಫ್ಟಿನಲ್ಲಿ ಕೆಳಗಿಳಿಯುವಾಗ ಜೈ ಬಾಗಿಲಿನ ಮೇಲಿನ ಅಂಕಿಗಳನ್ನೇ ನೋಡುತ್ತಿದ್ದ. “ನೀವು ನಿಜವನ್ನೇ ಹೇಳಿದಿರಿ. ನಿಜ ಹೇಳಬೇಡಿ ಅನ್ನಲು ನನಗೆ ಅಧಿಕಾರವಿಲ್ಲ” ಎಂದ. ಬಾಗಿಲು ತೆರೆದಾಗ, “ಆದರೆ ನಿಮ್ಮ ಮುಖದಲ್ಲಿ ಇಷ್ಟು ಸಂತೋಷ ಯಾಕಿತ್ತು ಅಂತ ನನಗೆ ಅರ್ಥವಾಗಲಿಲ್ಲ” ಎಂದ.

ಮನೆಗೆ ಬಂದಾಗ ಚಿದಂಬರ, “ಖರೇ ಹೇಳಿದಿ, ಛಲೋ ಮಾಡಿದಿ” ಎಂದ.

“ಖರೇ ಹೇಳಬೇಕಂತ ಹೇಳಲಿಲ್ಲರೀ ನಾ” ಎಂದಳು ನೀಲಾಂಬಿಕಾ. ಅಷ್ಟು ಹೊತ್ತಿಗೆ ಕೆನ್ನೆಯ ಬಿಸಿ ಆರಿ, ಕೆಲಸ ಹೋದೀತೆಂಬ ಭಯ ಶುರುವಾಗಿತ್ತು.

ಚಳಿಗಾಲದಲ್ಲಿ ತೀರ್ಮಾನ ಬಂತು. ಎರಡೂ ಕಂಪನಿಗಳು ಒಂದಾಗಬಹುದು. ಆದರೆ ಶಿಕಾಗೋ ಸುತ್ತಲಿನ ಮಿಲ್‌ಗ್ರೋವ್‌ನ ಮನೆ ಗಿರಾಕಿಗಳನ್ನೂ, ಅವರಿಗೆ ದರ ಕಟ್ಟುವ ವಿಭಾಗವನ್ನೂ ಬೇರೆ ಯಾರಿಗಾದರೂ ಮಾರಬೇಕು. ಹಾರ್ವಿಕ್‌ಗೆ ಎದುರಾಳಿಯೊಬ್ಬ ಉಳಿಯಲೇಬೇಕು. ಕೊಳ್ಳಲು ಮುಂದೆ ಬಂದದ್ದು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿದ್ದ ಸ್ಟ್ರೇಟ್‌ವಾಟರ್ ಎಂಬ ಕಂಪನಿ. ಮಿಶಿಗನ್‌ನಲ್ಲಿ ವಿದ್ಯುತ್ತನ್ನು ಬೇಕಾದವರಿಂದ ಕೊಳ್ಳುವ ಅವಕಾಶ ಹತ್ತರಲ್ಲಿ ಒಂದು ಪಾಲಿಗೆ ಮಾತ್ರ, ಅದೂ ಎಂದೋ ತುಂಬಿಹೋಗಿತ್ತು. ಬೆಳೆಯಬೇಕೆಂದರೆ ಅವರು ಇಲಿನಾಯ್‌ಗೇ ಬರಬೇಕು. ಅವರ ಮೊದಲ ಷರತ್ತು, ನೀಲಾಂಬಿಕಾ ತಮ್ಮ ಜೊತೆ ಬರಬೇಕು, ಇಲಿನಾಯ್ ದರಗಳಿಗೆಲ್ಲ ಅವಳೇ ಮುಖ್ಯಸ್ಥೆ.

ಲೈಲ್‌ನ ಆಫೀಸಿನಲ್ಲಿ ಪೆಟ್ಟಿಗೆ ಕಟ್ಟುವ ದಿನ ಅಕ್ಷೋಭ್ಯ ಅವಳ ಕೋಣೆಗೆ ಬಂದ. ಅವಳ ಕೈಕೆಳಗೆ ಲೆಕ್ಕದ ಮಾದರಿಗಳನ್ನು ನೋಡಿಕೊಳ್ಳುತ್ತಿದ್ದ ಹಾಸನದವನು. ಹೆಂಡತಿ ಶಾಮ್‌ಬರ್ಗ್‌ನ ಕಂಪನಿಯೊಂದರಲ್ಲಿ, ಮಗು ಡೇಕೇರಿನಲ್ಲಿ. ವಿಭಾಗವೆಲ್ಲ ಟ್ರಾಯ್‌ಗೆ ಹೊರಟಿದ್ದರಿಂದ ಅವನೂ ಹೋಗಬೇಕು, ಇಲ್ಲವೇ ವೀಸಾಕ್ಕೆ ಬೇರೆ ಕೆಲಸ ಹುಡುಕಿಕೊಳ್ಳಬೇಕು.

“ಶುಕ್ರವಾರ ಸಂಜೆ ಡ್ರೈವ್ ಮಾಡ್ಕೊಂಡು ಬಂದ್ಬಿಡ್ತೀನಿ ಮೇಡಂ, ಭಾನುವಾರ ವಾಪಸ್. ಐದು ಗಂಟೆ ದಾರಿ, ಪರ್ವಾಗಿಲ್ಲ. ಆದ್ರೆ ನೀವು ಮಾಡಿದ್ದು ದೊಡ್ಡ ವಿಷ್ಯ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ. ಅಷ್ಟು ಮನೆಗಳ ಬಿಲ್ಲು ಉಳಿಸಿದ್ರಿ.”

ಅವನ ಕಣ್ಣಿನಲ್ಲಿದ್ದ ಗೌರವವನ್ನು ನೀಲಾಂಬಿಕಾಳಿಗೆ ನೋಡಲಾಗಲಿಲ್ಲ. ಟೇಪಿನ ತುದಿ ಹುಡುಕುವವಳ ಹಾಗೆ ತಲೆ ಬಗ್ಗಿಸಿಕೊಂಡು, “ಹೋಗ್ರಿ, ನಿಮ್ಮ ಸಾಮಾನ ಕಟ್ಟಿಕೋರಿ” ಎಂದಳು.

ಮಾರ್ಚಿನಲ್ಲಿ ಗಿರಾಕಿಗಳ ವಿವರ ಹಸ್ತಾಂತರಿಸಲು ಹಾರ್ವಿಕ್‌ನವರು ಟ್ರಾಯ್‌ಗೆ ಬಂದರು. ಬಂದವರಲ್ಲಿ ಶ್ರೀಲತಾಳೂ ಇದ್ದಳು. ಎಲ್ಲರೆದುರು ಕೈಕುಲುಕಿ ನಕ್ಕಳು. ಮೀಟಿಂಗು ಮುಗಿದು ಉಳಿದವರು ಹೊರಟ ಮೇಲೆ, “ಒಂದು ಕಾಫಿ ಕುಡಿಯೋಣ್ವಾ?” ಎಂದಳು. ಕೆಳಗಿನ ಲಾಬಿಯ ಮೂಲೆಯಲ್ಲಿ ಕೂತರು. ಹೊರಗೆ ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಗುಡ್ಡೆ ಹಾಕಿದ್ದ ಹಿಮ ಕರಗಿ ಕಪ್ಪಾಗಿತ್ತು. ಶ್ರೀಲತಾ ಇಳಿದುಹೋಗಿದ್ದಳು, ಕಣ್ಣ ಕೆಳಗಿನ ಕಪ್ಪು ಪೌಡರಿನಲ್ಲೂ ಕಾಣುತ್ತಿತ್ತು.

“ನಾನು ಸುಳ್ಳು ಹೇಳಿದೆ ಅನ್ಕೊಂಡಿದೀಯಾ ನೀಲಾ?”

“ಹೌದ್ರಿ.”

“ಇಲ್ಲ. ಹಾರ್ವಿಕ್‌ಗೆ ಬಂದ ವರ್ಷವೇ ಒಂದು ಪ್ರೋಗ್ರಾಮ್ ಬರೆಸ್ದೆ. ಎಲ್ಲಾ ಕಂಪನಿಗಳ ದರವನ್ನೂ ಅದೇ ಓದ್ಕೊಳುತ್ತೆ, ಯಾವ್ದು ಎಲ್ಲರಿಗಿಂತ ಕಡ್ಮೆನೋ ಅದಕ್ಕಿಂತ ಒಂಚೂರು ಕೆಳಗೆ ನಮ್ದನ್ನ ತಂದಿಡುತ್ತೆ. ಊರಿನ ಒಪ್ಪಂದಗಳಿಗೂ ಅದು ಕೊಟ್ಟ ನಂಬರಿಗೇ ನಾನು ಸೈನ್ ಹಾಕೋದು, ಅಷ್ಟೆ. ನಾನು ಯಾರ ದರವನ್ನೂ ನೋಡ್ತಾ ಕೂತವಳಲ್ಲ. ಆ ಕಡ್ಮೆ ದರ ಯಾವಾಗ್ಲೂ ನಿಂದೇ ಆಗಿರ್ತಿತ್ತು ಅಂತ ನಂಗೆ ಗೊತ್ತಾಗಿದ್ದು ಆ ವಕೀಲೆ ನನ್ನನ್ನ ಎರಡನೇ ಸಲ ಕರೆಸಿ ಚಾರ್ಟ್ ತೋರಿಸ್ದಾಗ.”

ನೀಲಾಂಬಿಕಾ ಕಾಫಿಯ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಉಪ್ಪಿಟ್ಟು ಕೆಡಿಸಿದ ಬೆಳಿಗ್ಗೆಗಳು, ಮೈ ಹಗುರಾದ ದಿನಗಳು, ಎಲ್ಲದರ ಆಚೆ ಕಡೆ ಒಂದು ಪ್ರೋಗ್ರಾಮು ಓಡುತ್ತಿತ್ತು. ಶ್ರೀಲತಾ ಪಾಪ, ಐದು ಗಂಟೆಗೆ ಮನೆಗೆ ಹೋಗಿ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತಿದ್ದಳು.

“ನಿನ್ನ ಹೇಳಿಕೆ ನನ್ನ ಹೇಳಿಕೆಗೆ ಉಲ್ಟಾ ಆಯ್ತಲ್ಲ” ಶ್ರೀಲತಾ ಮುಂದುವರಿಸಿದಳು. “ನಾನೇ ಏನೋ ಮುಚ್ಚಿಟ್ಟೆ ಅಂತ ನಮ್ಮೋರಿಗೆ ಸಿಟ್ಟು. ಹೆಡ್ ಕೆಲಸ ಟೆಕ್ಸಾಸ್‌ನೋನು ಒಬ್ಬನಿಗೆ ಕೊಟ್ರು. ನನ್ನನ್ನ ಅವನ ಕೆಳಗೆ ಹಾಕಿದಾರೆ. ದಿನಾ ಅವಮಾನ ನೀಲಾ. ಮೀಟಿಂಗಲ್ಲಿ ನನ್ನ ಮಾತು ಅರ್ಧಕ್ಕೇ ಕಟ್ ಮಾಡ್ತಾನೆ.”

ನೀಲಾಂಬಿಕಾಳಿಗೆ ಮೊದಲು ಆದದ್ದು ಸಂತೋಷ. ಬಾಯಾರಿದವರಿಗೆ ನೀರು ಇಳಿದ ಹಾಗೆ ಅದು ಒಳಗೆ ಇಳಿಯಿತು. ಅದರ ಹಿಂದೆಯೇ ನಾಚಿಕೆ ಬಂತು. ಬಂದರೂ ಸಂತೋಷ ಜಾಗ ಬಿಡಲಿಲ್ಲ.

“ಅದಕ್ಕೇ ಕೇಳ್ತಿದೀನಿ” ಎಂದಳು ಶ್ರೀಲತಾ. ಅವಳ ದನಿ ಸಣ್ಣದಾಯಿತು. “ನಿಮ್ಮಲ್ಲಿ ಜಾಗ ಇದ್ಯಾ? ನೀನು ಹೇಳಿದ್ರೆ ಸ್ಟ್ರೇಟ್‌ವಾಟರ್‌ನೋರು ಕೇಳ್ತಾರೆ. ನಿನ್ನ ಕೆಳಗೇ ಆದ್ರೂ ಪರ್ವಾಗಿಲ್ಲ. ನಂಗೆ ಅಂಥದ್ದೆಲ್ಲ ಇಲ್ಲ, ನಿಂಗೇ ಗೊತ್ತಲ್ಲ.”

ಜಾಗವಿತ್ತು. ಹಿಂದಿನ ವಾರವಷ್ಟೇ ಅವಳ ಹೊಸ ಬಾಸ್, ಯಾರಾದರೂ ಅನುಭವಸ್ಥರಿದ್ದರೆ ಹೇಳಿ ಎಂದಿದ್ದ. ಇಲ್ಲ ಎನ್ನಲು ನೂರು ಸಭ್ಯ ಮಾತುಗಳಿದ್ದವು. ಕೇಳಿ ನೋಡುತ್ತೇನೆ ಎನ್ನಬಹುದಿತ್ತು, ಬಜೆಟ್ ಇಲ್ಲ ಎನ್ನಬಹುದಿತ್ತು. ಅವಳು ಬಂದರೆ ಏನಾಗುತ್ತದೆಂದು ನೀಲಾಂಬಿಕಾ ಕಣ್ಣ ಮುಂದೆ ಕಂಡಳು: ಒಂದೇ ವಾರದಲ್ಲಿ ಟ್ರಾಯ್‌ನ ಆಫೀಸಿನವರೆಲ್ಲ ಅವಳ ಮೇಜಿನ ಸುತ್ತ, ಪಕ್ಕದ ನೋವೈ ಊರಿನ ಕನ್ನಡದವರೆಲ್ಲ ಅವಳ ಹಾಡಿಗೆ, ತಾನು ಗಾಜಿನ ಕೋಣೆಯೊಳಗೆ ಕೂತು ಅವರನ್ನು ನೋಡುತ್ತಾ.

“ಜಾಗ ಐತಿ” ಎಂದಳು. “ಆದ್ರ ನಾ ನಿನ್ನ ಕರಿಯಂಗಿಲ್ಲ.”

‘ನಿನ್ನ’ ಎಂದದ್ದು ಇಬ್ಬರ ಕಿವಿಗೂ ಬಿತ್ತು.

“ಯಾಕೆ? ಏನಾಯ್ತು?”

“ನೀ ಬಂದ್ರ ನಾ ಇಲ್ಲಿ ಇರಾಕ ಆಗೂದಿಲ್ಲ. ನನಗ ನಿನ್ನ ಮ್ಯಾಲ ಹೊಟ್ಟಿಕಿಚ್ಚು ಐತಿ, ಶ್ರೀಲತಾ.”

ಶ್ರೀಲತಾ ನಕ್ಕುಬಿಟ್ಟಳು. ಎದುರಿನ ಮುಖದಲ್ಲಿ ನಗು ಕಾಣದೆ ನಿಲ್ಲಿಸಿದಳು. “ನನ್ನ ಮೇಲಾ? ನಂದೇನಿದೆ ಅಂತ?”

“ನಿನ್ನ ಹಾಡು ಐತಿ. ನಿನ್ನ ಬಿಸಿಬ್ಯಾಳಿಬಾತ್ ಐತಿ. ಎಲ್ಲಾರೂ ನಿನ್ನ ಸುತ್ತ ಕುಂದರತಾರ. ಹಾರ್ವಿಕ್ ಕೆಲಸದ ಸುದ್ದಿ ನಾ ಹೇಳಿದ್ದು ನಿನಗ ನೆನಪಿಲ್ಲ. ಅವತ್ತ ಆ ಕೋಣಿಯೊಳಗ ನಾ ಬಾಯಿ ಬಿಟ್ಟಿದ್ದು ಗಿರಾಕಿಗಳ ಸಲುವಾಗಿ ಅಲ್ಲ. ನೀ ನನ್ನ ನೋಡೇ ಇಲ್ಲ ಅಂದಿ ಅಂತ ಕೇಳಿದ ಮ್ಯಾಲ ನನಗ ತಡಕೊಳ್ಳಾಕ ಆಗಲಿಲ್ಲ.”

ಲಾಬಿಯ ಬಾಗಿಲು ತಾನೇ ತೆರೆದು ಮುಚ್ಚಿತು. ಶ್ರೀಲತಾ ಅವಳನ್ನೇ ನೋಡುತ್ತಿದ್ದಳು. ಬಹುಶಃ ಮೊದಲ ಸಲ ನೋಡುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯ ಹೋಗಿ ನೋವು ಬಂತು. ಅದು ನಿಧಾನವಾಗಿ ಗಟ್ಟಿಯಾಯಿತು.

“ಎಷ್ಟು ವರ್ಷ ನಮ್ಮನೆಗೆ ಬಂದು ಊಟ ಮಾಡಿದೀಯ” ಎಂದಳು. ಬ್ಯಾಗು ಎತ್ತಿಕೊಂಡು, ಕಾಫಿ ಮುಗಿಸದೆ ಹೊರಟುಹೋದಳು.

ಆ ವರ್ಷ ಯುಗಾದಿಗೆ ಶ್ರೀಲತಾಳ ಶುಭಾಶಯ ಬರಲಿಲ್ಲ. ಸಂಘದ ವಾಟ್ಸಾಪ್ ಗುಂಪಿನಲ್ಲಿ ನೀಲಾಂಬಿಕಾ ಬರೆದದ್ದಕ್ಕೆ ಎಲ್ಲರೂ ಕೈಮುಗಿದರು, ಅವಳೊಬ್ಬಳು ಬಿಟ್ಟು. ಚಿದಂಬರ ಮತ್ತು ಸ್ಮಿತಾ ಇಲಿನಾಯ್‌ನ ಮನೆಯಲ್ಲೇ ಉಳಿದಿದ್ದರು. ನೀಲಾಂಬಿಕಾ ವಾರವೆಲ್ಲ ಟ್ರಾಯ್‌ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ. ಶುಕ್ರವಾರ ಅಕ್ಷೋಭ್ಯನ ಕಾರಿನಲ್ಲೇ ಊರಿಗೆ ಬರುತ್ತಿದ್ದಳು. ದಾರಿಯುದ್ದಕ್ಕೂ ಅವನು ಸ್ಪೀಕರಿನಲ್ಲಿ ಮಗುವಿನ ಜೊತೆ ಮಾತಾಡುತ್ತಿದ್ದ, ಇವಳು ಕಿಟಕಿಯ ಆಚೆ ನೋಡುತ್ತಿದ್ದಳು. ಟ್ರಾಯ್‌ನ ಬೆಳಿಗ್ಗೆಗಳಲ್ಲಿ ಹಾರ್ವಿಕ್‌ನ ದರ ಅವಳ ಹಿಂದೆ ಹಿಂದೆಯೇ ಬರುತ್ತಿತ್ತು. ಹಾಗೆ ಬರುತ್ತಿರುವುದು ಬರೀ ಪ್ರೋಗ್ರಾಮು ಎಂದು ಈಗ ಗೊತ್ತಿದ್ದುದರಿಂದ ಗೆದ್ದರೂ ರುಚಿಯಿರಲಿಲ್ಲ.

ಜೂನ್ ತಿಂಗಳಲ್ಲಿ ಇಲಿನಾಯ್‌ನ ಫಾಕ್ಸ್ ನದಿಯ ದಂಡೆಯ ಒಂದು ಊರು ತನ್ನ ಮನೆಗಳಿಗೆಲ್ಲ ಒಟ್ಟಾಗಿ ವಿದ್ಯುತ್ ಕೊಳ್ಳಲು ದರ ಕೇಳಿತು. ನೀಲಾಂಬಿಕಾ ತನ್ನ ಲೆಕ್ಕ ಮುಗಿಸಿ, ಯಾರಿಗೂ ಹೇಳದೆ ಮನಸ್ಸಿನಲ್ಲೇ ಒಂದು ದರ ಇಟ್ಟುಕೊಂಡಿದ್ದಳು. ಅವಳು ಅದನ್ನು ಕಳಿಸುವ ಮೊದಲೇ ಹಾರ್ವಿಕ್‌ನ ದರ ಊರಿನ ವೆಬ್‌ಸೈಟಿನಲ್ಲಿ ಬಂತು. ಅವಳ ಮನಸ್ಸಿನಲ್ಲಿದ್ದ ದರಕ್ಕಿಂತ ಒಂದೇ ಎಳೆ ಕೆಳಗೆ. ಅವಳಿಗೆ ಯಾವಾಗಲೂ ಬೇಸಿಗೆಯ ಬಿಸಿಲಿಗೆಂದು ಸ್ವಲ್ಪ ಹೆಚ್ಚಿಗೆ ಸೇರಿಸಿ, ಕೊನೆಗೆ ಅದರ ಅರ್ಧವನ್ನು ಬಿಟ್ಟುಕೊಡುವ ಅಭ್ಯಾಸವಿತ್ತು. ಹಾರ್ವಿಕ್‌ನಲ್ಲಿ ಯಾರೋ ಆ ಅರ್ಧವನ್ನೂ ಲೆಕ್ಕ ಹಾಕಿಯೇ ಅದಕ್ಕಿಂತ ಕೆಳಗೆ ಹೇಳಿದ್ದರು.

ಅಕ್ಷೋಭ್ಯ ಓಡಿ ಬಂದ. “ಮೇಡಂ, ಇದು ಹೇಗೆ ಸಾಧ್ಯ? ನಾವಿನ್ನೂ ಕೊಟ್ಟೇ ಇಲ್ಲ. ನೀವು ಹೇಳಿದ್ರಲ್ಲ ಅವರ ಪ್ರೋಗ್ರಾಮ್, ಅದು ಏನನ್ನ ನೋಡ್ಕೊಂಡು ಇಳಿಸ್ತು?”

“ಇದು ಪ್ರೋಗ್ರಾಮ್ ಅಲ್ಲ” ಎಂದಳು ನೀಲಾಂಬಿಕಾ.

ಕೋಣೆಯ ಬಾಗಿಲು ಹಾಕಿಕೊಂಡು ಚಿದಂಬರನಿಗೆ ಫೋನು ಮಾಡಿದಳು. ಅವನು ಎರಡು ಆಪರೇಷನ್ನುಗಳ ನಡುವೆ ಇದ್ದ.

“ನೋಡಾಕತ್ತಾಳ್ರೀ.”

“ಯಾರು?”

“ಶ್ರೀಲತಾ. ದಿನಾ ನೋಡಾಕತ್ತಾಳ. ನಾ ಹ್ಯಾಂಗ ಲೆಕ್ಕ ಮಾಡ್ತೀನಿ ಅನ್ನೂದು ಪೂರಾ ಓದ್ಯಾಳ. ಅಕಿಗೂ ನನ್ನ ಮ್ಯಾಲ ಸಿಟ್ಟು ಬಂದೈತಿ.”

“ಇದು ಖುಷಿ ಪಡೂ ಸುದ್ದಿಯೇನು?” ಎಂದ ಚಿದಂಬರ.

“ಗೊತ್ತಿಲ್ಲರೀ” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.

“ಮತ್ತ ಈಗ ಏನ್ ಮಾಡಾಕಿ?”

“ಇಳಸ್ತೀನಿ” ಎಂದು ನೀಲಾಂಬಿಕಾ ಫೋನು ಇಟ್ಟು ಅಕ್ಷೋಭ್ಯನನ್ನು ಕರೆದಳು.